ಬನ್ನಿ ಗಿಡದ ಸುತ್ತಲಿನ ಐದು ಗುಂಟೆ

ಪ್ರಿಯ ದಳವಾಯಿ,

ಊರಿನ ಹೊಲ ಮಾರಲು ಅಣ್ಣ ಕಳಿಸಿದ ಅಧಿಕಾರ ಪತ್ರಕ್ಕೆ ನನ್ನ ಸಹಿ ಇನ್ನೂ ಯಾಕೆ ಬಿದ್ದಿಲ್ಲ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ನಾನು ಏನೇನೋ ಹೇಳಿ ಮಾತು ತೇಲಿಸಿದೆ. ಬರೆಯುವಾಗ ಹಾಗೆ ತೇಲಿಸಲು ಬರುವುದಿಲ್ಲ. ನಾಲ್ಕು ಜನ ಓದುವ ಕಡೆ ಬರೆದರಂತೂ ಸಾಧ್ಯವೇ ಇಲ್ಲ.

ಕಾರಣ ತಿಳಿಯಬೇಕಾದರೆ ನೀನು ಮೊದಲು ಎಲ್ ಸೆಂಟ್ರೊ ಕಥೆ ಕೇಳಬೇಕು. ಕ್ಯಾಲಿಫೋರ್ನಿಯಾದ ದಕ್ಷಿಣದ ಅಂಚಿನಲ್ಲಿ, ಮೆಕ್ಸಿಕೊ ಗಡಿಯ ಪಕ್ಕದ ಇಂಪೀರಿಯಲ್ ಕಣಿವೆಯ ಒಕ್ಕಲುತನದ ಊರು ಅದು. ಸಮುದ್ರ ಮಟ್ಟಕ್ಕಿಂತ ಸುಮಾರು 12 ಮೀಟರ್ ತಗ್ಗಿನಲ್ಲಿದೆ. 1901ರಲ್ಲಿ ಕೊಲರಾಡೊ ನದಿಯ ನೀರು ಕಾಲುವೆ ಹಿಡಿದು ಬರುವ ತನಕ ಬರೀ ಮರುಭೂಮಿ. ಈಗ ಚಳಿಗಾಲದಲ್ಲಿ ಹೋದರೆ ಕಣ್ಣು ಹಾಯುವಷ್ಟು ದೂರ ಲೆಟ್ಯೂಸ್, ಗಜ್ಜರಿ, ಉಳ್ಳಾಗಡ್ಡಿ, ಕುದುರೆ ಮಸಾಲೆ ಮೇವು. ನಮ್ಮ ಮಲಪ್ರಭಾ ಕಾಲುವೆ ಕಂಡವನಿಗೆ ಹೆಚ್ಚು ವಿವರಿಸಬೇಕಿಲ್ಲ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನ ಒಕ್ಕಲಿಗರು ಈ ಕಣಿವೆಗೆ ಬಂದರು. ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು 1917ರ ವಲಸೆ ಕಾಯ್ದೆ ಬಿಡಲಿಲ್ಲ. ಹಲವರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಪೌರರಾಗಲು ಅರ್ಹತೆ ಇಲ್ಲದವರು ಜಮೀನು ಕೊಳ್ಳಬಾರದು ಎಂದು ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ಮಾಡಿತ್ತು, 1920ರಲ್ಲಿ ಗೇಣಿಯ ದಾರಿಯನ್ನೂ ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಪೌರರಾಗಲಾರರು ಎಂದಿತು. ಹೀಗಾಗಿ ಬೆವರು ಇವರದು, ಕಾಗದದಲ್ಲಿ ಹೆಸರು ಇನ್ನೊಬ್ಬರದು. ಕೆಲವರು ನಂಬಿಗಸ್ತ ಬಿಳಿಯರ ಹೆಸರಿಗೆ, ಕೆಲವರು ಅಲ್ಲೇ ಹುಟ್ಟಿ ಪೌರರಾದ ಪುಟ್ಟ ಮಕ್ಕಳ ಹೆಸರಿಗೆ ಜಮೀನು ಮಾಡಿಸಿದರು. ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಅದೇ ಕಣಿವೆಯ ವೆಸ್ಟ್‌ಮೋರ್ಲೆಂಡಿನಲ್ಲಿ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂದ್ ಹತ್ತೇ ವರ್ಷಗಳಲ್ಲಿ, 1956ರಲ್ಲಿ, ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ನೆನೆದರೆ ಈಗಲೂ ಎದೆಯುಬ್ಬುತ್ತದೆ.

ಆ ಕುಟುಂಬಗಳ ಇತಿಹಾಸ ಓದಬೇಕೆಂದರೆ ಸ್ಮಶಾನಕ್ಕೆ ಹೋಗಬೇಕು. ಸಿಖ್ಖರನ್ನೂ ಹಿಂದೂಗಳನ್ನೂ ಸುಡುತ್ತಿದ್ದರು, ಮುಸ್ಲಿಮರನ್ನು ಹೂಳುತ್ತಿದ್ದರು; ಹೆಂಡತಿಯರು ಕ್ಯಾಥೊಲಿಕ್ ಭಾಗದಲ್ಲಿ ಮಲಗಿದ್ದಾರೆ. ಒಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ. ಮೇಲೆ ಶಿಲುಬೆ, ಮರಿಯಾ ಎಂದು ಶುರುವಾದ ಹೆಸರು ಸಿಂಗ್ ಎಂದು ಮುಗಿಯುತ್ತದೆ. ಹುಲ್ಲಿಗೆ ಹಾರಿಸುವ ನೀರು ತಾಗಿ ತಾಗಿ ಉಪ್ಪಿನ ಬಿಳಿ ಗೆರೆಗಳು ಅಕ್ಷರದ ತಗ್ಗಿನಲ್ಲಿ ಕೂತಿವೆ. ಪಕ್ಕದಲ್ಲಿ ಗಂಡನ ಕಲ್ಲಿಲ್ಲ.

ಅಲ್ಲಿಂದ ಪೂರ್ವಕ್ಕೆ ಹೋಲ್ಟ್‌ವಿಲ್. ಅಲ್ಲಿನ ಸ್ಮಶಾನದ ಮುಂಭಾಗದಲ್ಲಿ ಹುಲ್ಲು, ಹೂವು; ಹಿಂದುಗಡೆ ಒಣ ಮಣ್ಣಿನ ಬಯಲು, ಸಾಲು ಸಾಲು ಇಟ್ಟಿಗೆ. ಗುರುತು ಸಿಗದವರ ಗುಣಿಗಳವು. 1994ರಲ್ಲಿ ಸ್ಯಾನ್ ಡಿಯಾಗೊ ಬಳಿ ಗಡಿ ಕಾವಲು ಬಿಗಿಯಾದ ಮೇಲೆ ವಲಸೆಗಾರರು ಈ ಮರುಭೂಮಿಯ ದಾರಿ ಹಿಡಿದರು. ಬಿಸಿಲಿಗೆ ಸತ್ತರು, ಕಾಲುವೆ ದಾಟುವಾಗ ಮುಳುಗಿದರು. ಲೆಟ್ಯೂಸಿಗೆ ಹರಿಯುವ ನೀರು ಅದೇ ಕಾಲುವೆಯದು. ಬೇಲಿಯ ಆಚೆಯಿಂದ ನೋಡಿ ಬಂದೆ, ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯುವ ಧೈರ್ಯವಿಲ್ಲ.

ಈಗ ನಮ್ಮ ಹೊಲದ ಮಾತು. ಬನ್ನಿ ಗಿಡದ ಬುಡದಲ್ಲಿ ಅಜ್ಜನನ್ನು ಕೂರಿಸಿದ ದಿನ ನೀನೂ ಇದ್ದೆ. ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ ಗಟ್ಟಿ. ಪತ್ರಿಯ ಬುಟ್ಟಿ ನಮ್ಮಿಬ್ಬರ ಕೈಯಲ್ಲಿತ್ತು. ಬೇಸಿಗೆಯಲ್ಲಿ ಎರೆ ನೆಲ ಬಿರಿದಾಗ ಅಜ್ಜಿ ಬುಟ್ಟಿಯಲ್ಲಿ ಮಣ್ಣು ಒಯ್ದು ಸಮಾಧಿಯ ಮೇಲಿನ ಬಿರುಕನ್ನು ಬೆರಳಿನಿಂದ ಒತ್ತಿ ಒತ್ತಿ ಮುಚ್ಚುತ್ತಿದ್ದಳು. ಆಮೇಲೆ ಅವಳೂ ಅಲ್ಲೇ, ಅವ್ವನೂ ಅಲ್ಲೇ. ಪಹಣಿಯಲ್ಲಿ ಇವರ್ಯಾರೂ ಇಲ್ಲ. ಖರೀದಿ ಪತ್ರದಲ್ಲೂ ಇರುವುದಿಲ್ಲ. ಕೊಳ್ಳುವವನಿಗೆ ಅದು ಟ್ರ್ಯಾಕ್ಟರಿಗೆ ಅಡ್ಡ ಬರುವ ಮೂರು ಕಲ್ಲು.

ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಹಿಡಿದ ನನ್ನಂಥವನಿಗೆ ಭಾರತದಲ್ಲಿ ಹಿರಿಯರಿಂದ ಬಂದ ಕೃಷಿ ಜಮೀನನ್ನು ಇಟ್ಟುಕೊಳ್ಳುವ ಹಕ್ಕಿದೆ, ದುಡ್ಡು ಕೊಟ್ಟು ಕೊಳ್ಳುವ ಹಕ್ಕಿಲ್ಲ. ಒಮ್ಮೆ ಸಹಿ ಹಾಕಿದರೆ ಆ ಮಣ್ಣು ನನಗೆ ಮತ್ತೆ ಸಿಗುವುದಿಲ್ಲ. ಆ ಪಂಜಾಬಿಗಳ ಮೇಲೆ ನಡೆದ ಅನ್ಯಾಯವನ್ನು ಇದರ ಜೊತೆ ಇಟ್ಟು ನೋಡುವುದಿಲ್ಲ. ಪೌರತ್ವ ನಾನೇ ಕೇಳಿ ಪಡೆದದ್ದು. ಆದರೆ ಅವರ ಸ್ಮಶಾನದಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಯಿತು. ನೆಲಕ್ಕಾಗಿ ಅವರು ಅಷ್ಟು ಹೆಣಗಿದರು. ನಾನು ಅಂಚೆಯಲ್ಲಿ ಕಾಗದ ಕಳಿಸಿ ನನ್ನವರು ಮಣ್ಣಾದ ನೆಲವನ್ನು ಬಿಟ್ಟುಕೊಡಲಿದ್ದೇನೆ.

ಇನ್ನೊಂದು ಮಾತು. ನನಗೂ ಅಲ್ಲೇ, ಅವ್ವನ ಪಕ್ಕದಲ್ಲೇ, ಮಣ್ಣಾಗುವ ಆಸೆ. ಇಲ್ಲಿ ಯಂತ್ರದ ಕುಲುಮೆಯಲ್ಲಿ ಸುಟ್ಟು ಡಬ್ಬಿಯಲ್ಲಿ ಬೂದಿ ಕೊಡುವುದನ್ನು ನೆನೆದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹೆಂಡತಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿಲ್ಲ. ಅವರು ಬೆಳೆದ ದೇಶ ಇದು. ಸಾವಿರಾರು ಮೈಲಿ ದೂರದ ಹೊಲಕ್ಕೆ ನನ್ನನ್ನು ಹೊತ್ತು ತನ್ನಿ ಎಂದು ಯಾವ ಬಾಯಿಂದ ಕೇಳಲಿ?

ಇಷ್ಟು ಹೇಳಬೇಕೆಂದು ಕೂತಿರಲಿಲ್ಲ ಗೆಳೆಯಾ. ಸಾಕು, ಕೆಲಸದ ಮಾತಿಗೆ ಬರೋಣ. ಅಣ್ಣನಿಗೆ ಸಾಲ ತೀರಿಸಬೇಕಿದೆ, ಅವನ ಕಷ್ಟ ನನಗೆ ಗೊತ್ತು. ಮಾರಲಿ. ಗಿಡದ ಸುತ್ತಲಿನ ಐದು ಗುಂಟೆ, ಅಲ್ಲಿಗೆ ಹೋಗುವ ದಾರಿ, ಇಷ್ಟನ್ನು ಬಿಟ್ಟು ಉಳಿದದ್ದಕ್ಕೆ 11ಇ ನಕ್ಷೆ, ಅಂದರೆ ಹೊಲದ ಒಂದು ಭಾಗ ಮಾರುವಾಗ ಬೇಕಾಗುವ ಸರ್ವೆ ನಕ್ಷೆ, ಮಾಡಿಸಲಿ. ಆ ದಿನವೇ ಸಹಿ ಹಾಕುತ್ತೇನೆ. ಅವನೆದುರು ಈ ಮಾತು ಎತ್ತಲು ಊರಿನಲ್ಲಿ ನಿನಗಿಂತ ಬೇರೆ ಜನ ಇಲ್ಲ. ಸರ್ವೆಯವರು ಬಂದ ದಿನ ಊಟ ನಿಮ್ಮ ಮನೆಯಲ್ಲೇ ಆಗಲಿ. ನಿಮ್ಮ ಅವ್ವನ ಕೈಯ ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡವರು ಗೆರೆಯನ್ನು ಸೊಟ್ಟಗೆ ಎಳೆಯಲಾರರು. ಸರಪಳಿಯ ಇನ್ನೊಂದು ತುದಿಯನ್ನು ಮಾತ್ರ ನೀನೇ ಹಿಡಿ. ಕಬಡ್ಡಿ ಅಂಕಣದ ಗೆರೆ ಎಳೆದವನ ಕೈಗೆ ಕೊಡಬೇಡ!

ನಿನ್ನ
ಗೌಡ