ಹಣ ಹತ್ತಿರದವರ ಕೈಗೆ ಸೇರಲಿ

ಮಾನ್ಯರೇ,

1946ರಲ್ಲಿ ಅಮೆರಿಕದ ನೆರವು ಸಂಸ್ಥೆ ಕೇರ್‌ನ ಮೊದಲ ಆಹಾರದ ಪೊಟ್ಟಣಗಳು ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಬಂದಿಳಿದವು. ಕೊಡುವವರು ಒಂದು ದಡದಲ್ಲಿ, ಪಡೆಯುವವರು ಇನ್ನೊಂದು ದಡದಲ್ಲಿ, ನಡುವೆ ಒಂದು ಸಂಸ್ಥೆ. ನೆರವು ಅಂದರೆ ಬಹುಕಾಲ ಅಷ್ಟೇ ಆಗಿತ್ತು. ಈಗ ಹಾಗಿಲ್ಲ. ಬಾಂಗ್ಲಾದೇಶದಲ್ಲಿ 1972ರಲ್ಲಿ ಹುಟ್ಟಿದ ಬ್ರ್ಯಾಕ್ ಎಂಬ ನೆರವು ಸಂಸ್ಥೆ ಇವತ್ತು ಉಗಾಂಡಾ, ತಾಂಜಾನಿಯಾದಂಥ ದೇಶಗಳಲ್ಲಿ ಕೆಲಸ ಮಾಡುತ್ತಿದೆ. ನೆರವು ಪಡೆದ ನೆಲದವರೇ ನೆರವಿಗೆ ನಿಂತಿದ್ದಾರೆ.

ಹಣದ ದಾರಿ ಮಾತ್ರ ಹಳೆಯದೇ, ದೊಡ್ಡ ಸಂಸ್ಥೆಗಳ ಮೂಲಕವೇ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ನೆರವಿನ ಸಮಾವೇಶದಲ್ಲಿ ದಾನಿ ದೇಶಗಳು, ದೊಡ್ಡ ಸಂಸ್ಥೆಗಳು ಒಂದು ಮಾತು ಕೊಟ್ಟವು. 2020ರ ಹೊತ್ತಿಗೆ ತುರ್ತು ನೆರವಿನ ಶೇ 25ರಷ್ಟು ಹಣವನ್ನು ಆದಷ್ಟು ನೇರವಾಗಿ ಆಯಾ ದೇಶದ ಸ್ಥಳೀಯ ನೆರವು ಸಂಸ್ಥೆಗಳಿಗೇ ಕೊಡುತ್ತೇವೆ ಎಂದು. ಗಡುವು ಮುಗಿದು ವರ್ಷಗಳೇ ಆದವು, ಗುರಿಯ ಹತ್ತಿರಕ್ಕೂ ಬಂದಿಲ್ಲ.

ಭೂಕಂಪ ಆದಾಗ ಮೊದಲು ಕಲ್ಲು ಸರಿಸುವವರು ಅಕ್ಕಪಕ್ಕದವರೇ ಅಲ್ವಾ? ಹಗಲೆಲ್ಲ ಕೆಸರಲ್ಲಿ ನಿಂತು ಕಂಬಳಿ ಹಂಚಿದ ಸಣ್ಣ ಸ್ಥಳೀಯ ಸಂಸ್ಥೆಯ ಕಾರ್ಯಕರ್ತೆ ರಾತ್ರಿ ಮೊಬೈಲ್ ಬೆಳಕಲ್ಲಿ ಪರಭಾಷೆಯ ವರದಿ ತುಂಬುತ್ತಾ ಕೂರಬೇಕು. ಲೆಕ್ಕ ಕೇಳಬಾರದು ಅಂತಲ್ಲ, ಕೇಳಲೇಬೇಕು. ಆದರೆ ಸಂಬಳ, ಕಚೇರಿ ಬಾಡಿಗೆಯ ಹಣವನ್ನು ಮೇಲಿನವರು ಇಟ್ಟುಕೊಂಡು, ಕೆಲಸ ಮತ್ತು ಅಪಾಯವನ್ನಷ್ಟೇ ಅವಳಿಗೆ ದಾಟಿಸುವುದು ಅನ್ಯಾಯ.

2025ರಲ್ಲಿ ಅಮೆರಿಕ ವಿದೇಶಿ ನೆರವು ಕೊಡುವ ತನ್ನ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಮುಚ್ಚಿದಾಗ ಕೂಡಿಟ್ಟ ಹಣವಿಲ್ಲದ ಇಂಥ ಸಣ್ಣ ಸಂಸ್ಥೆಗಳಿಗೇ ಏಟು ಜಾಸ್ತಿ. ದೊಡ್ಡ ಸಂಸ್ಥೆಗಳು ಇನ್ನು ಸುಮ್ನೆ ಗುತ್ತಿಗೆದಾರರಂತೆ ನಡುವೆ ನಿಲ್ಲುವುದು ಬೇಡ. ಗೊತ್ತಿರುವ ವಿದ್ಯೆ ಹಂಚಲಿ, ದಾನಿಗಳ ಮುಂದೆ ಸಣ್ಣವರ ಪರ ವಾದಿಸಲಿ. ಯಾವ ಊರಿಗೆ ಏನು ಬೇಕು ಎಂಬ ತೀರ್ಮಾನವನ್ನು ಆ ಊರಿನವರಿಗೇ ಬಿಡಲಿ.