ತರಚುಗಾಯಕ್ಕೆ ಮೊದಲು ನೀರು: ಮಂಗಳೂರಿನ ಗೆಳೆಯನಿಗೊಂದು ಪತ್ರ

ಉಡುಪಿ

ಪ್ರಿಯ ಗೆಳೆಯಾ,

ಮಗಳು ಸೈಕಲ್ ಕಲಿಯುವಾಗ ಬಿದ್ದು ಎರಡೂ ಮೊಣಕಾಲು ತರಚಿಕೊಂಡಳೆಂದೂ, ಅಜ್ಜಿ ಅರಶಿನ ಹುಡಿ ತಂದರೆ ಪಕ್ಕದ ಮನೆಯವರು ಡೆಟ್ಟಾಲ್ ತಂದರೆಂದೂ, ಯಾರ ಮಾತು ಕೇಳಬೇಕೆಂದು ತಿಳಿಯದೆ ನೀನು ನಿಂತೆಯೆಂದೂ ಬರೆದಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವುದು ಸರಿಯೆನಿಸಲಿಲ್ಲ. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಆಡಿಸುವುದೂ ಬಿದ್ದವರನ್ನು ಎತ್ತುವುದೂ ನನ್ನ ದಿನನಿತ್ಯದ ಕೆಲಸವಾದ್ದರಿಂದ, ಈ ಒಂದು ವಿಷಯದಲ್ಲಿ ನನಗೆ ತಿಳಿದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇತರ ಹೆತ್ತವರಿಗೂ ಉಪಯೋಗವಾಗಲೆಂದು ಎಲ್ಲರಿಗೂ ಕಾಣುವಂತೆಯೇ ಹಾಕಿದ್ದೇನೆ.

ತರಚುಗಾಯವನ್ನು ಗುಣಪಡಿಸುವುದು ನಾವು ಹಚ್ಚುವ ಔಷಧವಲ್ಲ, ಮಗುವಿನ ಚರ್ಮವೇ. ಆ ಕೆಲಸಕ್ಕೆ ಅಡ್ಡಿಯಾಗುವ ಮಣ್ಣು, ಮರಳು, ಕಲ್ಲಿನ ಚೂರುಗಳನ್ನು ತೆಗೆದುಹಾಕುವುದಷ್ಟೇ ನಮ್ಮ ಪಾಲಿನದು, ಅದಕ್ಕೆ ಬೇಕಾದದ್ದು ಹರಿಯುವ ಶುದ್ಧ ನೀರು. ಆದ್ದರಿಂದ ಮೊದಲು ನಿನ್ನ ಕೈಯನ್ನು ಸಾಬೂನು ಹಾಕಿ ತೊಳೆದುಕೋ. ರಕ್ತ ಜಿನುಗುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಚಿ ಒತ್ತಿ ಹಿಡಿ, ನಡುನಡುವೆ ಎತ್ತಿ ನೋಡಬೇಡ. ಆಮೇಲೆ ಮಗುವನ್ನು ಬಚ್ಚಲಿನಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂರಿಸಿ, ನಳ್ಳಿಯ ಕೆಳಗೆ ಕಾಲು ಚಾಚಿಸಿ, ಕನಿಷ್ಠ 5 ನಿಮಿಷ ನೀರು ಹರಿಯಲು ಬಿಡು. ಕುಡಿಯಲು ಯೋಗ್ಯವಾದ ನೀರು ತೊಳೆಯಲೂ ಯೋಗ್ಯವೇ. ಆಸ್ಪತ್ರೆಯ ಸಲೈನೇ ಆಗಬೇಕೆಂದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ನಮ್ಮ ಬಾವಿಗಳ ನೀರು ಕದಡಿ ಕೆಂಪಾಗುವುದನ್ನು ನೀನೂ ಬಲ್ಲೆ. ಅಂಥ ದಿನಗಳಲ್ಲಿ ಕುದಿಸಿ ಆರಿಸಿದ ನೀರನ್ನೇ ಚೆಂಬಿನಿಂದ ಸಣ್ಣ ಧಾರೆಯಾಗಿ ಎರೆಯಬೇಕು. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಮಗು ಬಿದ್ದಾಗ, ಉಪ್ಪುನೀರು ಗಾಯಕ್ಕೆ ಒಳ್ಳೆಯದೆಂದು ಕಡಲಿಗೇ ಇಳಿಸುವವರಿದ್ದಾರೆ. ಕಡಲಿನ ನೀರಿನಲ್ಲಿಯೂ ಗಾಯಕ್ಕೆ ಸೋಂಕು ತರುವ ರೋಗಾಣುಗಳಿರುತ್ತವೆ, ಅದು ಬೇಡ.

ಕೆಂಪು ಕಲ್ಲಿನ ನೆಲದಲ್ಲಿ ಬಿದ್ದ ಮಗುವಿನ ಮೊಣಕಾಲನ್ನು ಹತ್ತಿರದಿಂದ ನೋಡಿದರೆ, ರಕ್ತದ ಬಣ್ಣಕ್ಕೂ ಕಲ್ಲಿನ ಹುಡಿಯ ಬಣ್ಣಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಗಾಯ ಶುಚಿಯಾಯಿತೆಂದು ನಾವು ತಿಳಿಯುವಾಗಲೂ, ಸಾಸಿವೆಗಿಂತ ಸಣ್ಣ ಕಲ್ಲಿನ ಚೂರುಗಳು ಕಿತ್ತುಹೋದ ಚರ್ಮದ ಅಂಚಿನಡಿಯಲ್ಲಿ ಉಳಿದಿರುತ್ತವೆ. ತೊಳೆದ ಮೇಲೆ ಒಳ್ಳೆಯ ಬೆಳಕಿನಲ್ಲಿ ಮತ್ತೊಮ್ಮೆ ನೋಡು. ಉಳಿದದ್ದನ್ನು ಒದ್ದೆಯಾದ ಗಾಜ್ ಬಟ್ಟೆಯಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಒರೆಸಿ ತೆಗೆ. ಅದಕ್ಕೂ ಬಾರದಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಚಿಮುಟದಿಂದ ಹೆಕ್ಕು. ಸ್ಪಿರಿಟ್ ಚಿಮುಟಕ್ಕೆ ಮಾತ್ರ, ಗಾಯಕ್ಕಲ್ಲ. ಡಾಮರು ರಸ್ತೆಯಲ್ಲಿ ಬಿದ್ದಿದ್ದರೆ ಈ ಕೆಲಸದಲ್ಲಿ ಇನ್ನಷ್ಟು ತಾಳ್ಮೆ ಬೇಕು, ಏಕೆಂದರೆ ಒಳಗೆ ಉಳಿದ ಕರಿಯ ಕಣಗಳ ಮೇಲೆಯೇ ಚರ್ಮ ಬೆಳೆದರೆ ಹಚ್ಚೆಯಂತಹ ಕಲೆ ಶಾಶ್ವತವಾಗಿ ನಿಲ್ಲುತ್ತದೆ. ನಿನ್ನಿಂದ ತೆಗೆಯಲಾಗದಷ್ಟು ಆಳಕ್ಕೆ ಹೊಕ್ಕಿದ್ದರೆ ಕೆದಕದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗು. ಸಾಬೂನನ್ನು ಗಾಯದ ಸುತ್ತಲಿನ ಚರ್ಮಕ್ಕೆ ಹಾಕಿದರೆ ಸಾಕು.

ಈಗ ಅಜ್ಜಿಯ ಅರಶಿನದ ಮಾತಿಗೆ ಬರುತ್ತೇನೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಅರಶಿನದ ಗುಣವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಹುಡಿ ಶುದ್ಧೀಕರಿಸಿದ ವಸ್ತುವಲ್ಲ. ಅರಶಿನವಾಗಲಿ ಕಾಫಿ ಹುಡಿಯಾಗಲಿ ಒಲೆಯ ಬೂದಿಯಾಗಲಿ ಗಾಯದ ನೀರಿನೊಡನೆ ಸೇರಿ ಗಟ್ಟಿಯಾದರೆ, ಅಷ್ಟು ಹೊತ್ತು ತೊಳೆದು ತೆಗೆದ ಕಣಗಳ ಜಾಗಕ್ಕೆ ಬೇರೆ ಕಣಗಳನ್ನು ನಾವೇ ತುಂಬಿದಂತಾಗುತ್ತದೆ, ಒಳಗೆ ಸೋಂಕಾದರೂ ಹೊರಗೆ ಕಾಣುವುದಿಲ್ಲ. ನಮ್ಮ ಊರಿನ ಕಮ್ಯುನಿಸ್ಟ್ ಗಿಡದ ಸೊಪ್ಪಿನ ವಿಷಯವೂ ಹಾಗೆಯೇ. ಅದರ ರಸಕ್ಕೆ ರಕ್ತ ನಿಲ್ಲಿಸುವ ಗುಣ ಇರಬಹುದು, ಆದರೆ ಬೇಲಿಬದಿಯ ಎಲೆಯನ್ನು ತೊಳೆಯದ ಅಂಗೈಯಲ್ಲಿ ತಿಕ್ಕಿ ಹಿಂಡಿದರೆ ರಸದೊಡನೆ ಬೇಲಿಬದಿಯ ಮಣ್ಣೂ ಇಳಿಯುತ್ತದೆ.

ಡೆಟ್ಟಾಲನ್ನು ನೀರು ಬೆರೆಸದೆ ಹಚ್ಚಿದರೆ ಹಸಿ ಚರ್ಮ ಸುಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ನೊರೆಯೆಬ್ಬಿಸುವಾಗ ಹೊಸದಾಗಿ ಬೆಳೆಯುವ ಜೀವಕೋಶಗಳಿಗೂ ಹಾನಿ ಮಾಡುತ್ತದೆ. ಇದು ಇತ್ತೀಚಿನ ತಿಳಿವಳಿಕೆಯೇನಲ್ಲ. ಪೆನಿಸಿಲಿನ್ ಕಂಡುಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲು, ಒಂದನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್, ಆಳವಾದ ಗಾಯಗಳಿಗೆ ಸುರಿಯುತ್ತಿದ್ದ ತೀಕ್ಷ್ಣ ಔಷಧಗಳು ರೋಗಾಣುಗಳಿಗಿಂತ ಹೆಚ್ಚಾಗಿ ದೇಹದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತವೆಂದು ತೋರಿಸಿದ್ದರು. ಉರಿಯಿತೆಂದರೆ ಔಷಧ ಕೆಲಸ ಮಾಡುತ್ತಿದೆ ಎಂಬ ಮಾತನ್ನು ಮಕ್ಕಳಿಗೆ ದಯವಿಟ್ಟು ಹೇಳಬೇಡ. ಹಾಗೆ ಉರಿ ತಿಂದ ಮಗು ಮುಂದಿನ ಸಲ ಬಿದ್ದಾಗ ಗಾಯವನ್ನೇ ಮುಚ್ಚಿಡುತ್ತದೆ. ಚಡ್ಡಿಯ ಅಂಚನ್ನು ಎಳೆದು ಮೊಣಕಾಲು ಮರೆಸಿಕೊಂಡು ತರಗತಿಯಲ್ಲಿ ಕುಳಿತ ಮಕ್ಕಳನ್ನು ನಾನು ಕಂಡಿದ್ದೇನೆ.

ತೊಳೆದಾದ ಮೇಲೆ ಗಾಯವನ್ನು ಗಾಳಿಗೆ ಒಣಗಲು ಬಿಡಬೇಕೆಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಆದರೆ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಂದಿಗಳ ಮೇಲ್ಚರ್ಮದ ಗಾಯಗಳಲ್ಲಿ ತೇವ ಆರದಂತೆ ಮುಚ್ಚಿದವು ತೆರೆದಿಟ್ಟವುಗಳಿಗಿಂತ ಸುಮಾರು ಎರಡರಷ್ಟು ವೇಗದಲ್ಲಿ ಹೊಸ ಚರ್ಮ ಕಟ್ಟಿಕೊಂಡವು. ಒಣಗಿದ ಹಕ್ಕಳೆಯಡಿಯಲ್ಲಿ ಹೊಸ ಜೀವಕೋಶಗಳು ದಾರಿ ಹುಡುಕಿಕೊಂಡು ಆಳಕ್ಕೆ ಇಳಿದು ಸಾಗಬೇಕಾಗುತ್ತದೆ. ತೇವವಿದ್ದರೆ ಮೇಲಿನಿಂದಲೇ ನೇರವಾಗಿ ಹರಡಿಕೊಳ್ಳುತ್ತವೆ. ಆದ್ದರಿಂದ ಶುದ್ಧವಾದ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಅಂಟಿಕೊಳ್ಳದ ಡ್ರೆಸಿಂಗ್ ಹಾಕಿ ಟೇಪ್ ಅಂಟಿಸು. ಔಷಧದ ಅಂಗಡಿಯಲ್ಲಿ ಪ್ಯಾರಾಫಿನ್ ಸವರಿದ ಗಾಜ್ ಸಿಗುತ್ತದೆ, ಅಗಲವಾದ ಗಾಯಕ್ಕೆ ಅದು ಬಹಳ ಅನುಕೂಲ. ಹತ್ತಿಯನ್ನು ನೇರವಾಗಿ ಇಡಬೇಡ, ಎಳೆಗಳು ಅಂಟಿಕೊಂಡು ಬಿಡಿಸುವಾಗ ಮಗು ಮತ್ತೆ ಅಳುತ್ತದೆ. ಡ್ರೆಸಿಂಗನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಆಗಲೇ, ಬದಲಿಸಬೇಕು. ಮಳೆಗಾಲದಲ್ಲಿ ಶಾಲೆಯಿಂದ ನೆನೆದು ಬಂದ ಮಗುವಿನ ಕಾಲಿಗೆ ಅದೇ ಒದ್ದೆ ಬ್ಯಾಂಡೇಜನ್ನು ರಾತ್ರಿಯವರೆಗೆ ಬಿಡಬಾರದು. ಬಿಡಿಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸು. ಆ್ಯಂಟಿಬಯಾಟಿಕ್ ಮುಲಾಮು ಚೆನ್ನಾಗಿ ತೊಳೆದ ಸಣ್ಣ ಗಾಯಕ್ಕೆ ಸಾಮಾನ್ಯವಾಗಿ ಬೇಡ. ಕೆಲವು ಮಕ್ಕಳಿಗೆ ನಿಯೋಮೈಸಿನ್ ಇರುವ ಮುಲಾಮಿನಿಂದಲೇ ಚರ್ಮದ ಅಲರ್ಜಿಯಾಗುತ್ತದೆ.

ಎರಡನೆಯ ದಿನ ಗಾಯದ ಮೇಲೆ ತೆಳು ಹಳದಿ ಪೊರೆ ಕಂಡು ಹೆತ್ತವರು ಕೀವೆಂದು ಗಾಬರಿಯಾಗುವುದುಂಟು. ನೋವೂ ಊತವೂ ಕಡಿಮೆಯಾಗುತ್ತಿದ್ದರೆ ಅದು ಹೆಚ್ಚಾಗಿ ವಾಸಿಯಾಗುವ ಕ್ರಮದ್ದೇ ಪದರ, ಅದನ್ನು ಉಜ್ಜಿ ತೆಗೆಯಬಾರದು. ಸೋಂಕಾದಾಗ ನೋವು ದಿನಕಳೆದಂತೆ ಹೆಚ್ಚುತ್ತದೆ, ಸುತ್ತಲಿನ ಚರ್ಮ ಬಿಸಿಯಾಗಿ ಊದಿಕೊಳ್ಳುತ್ತದೆ, ಕೆಂಪು ಅಗಲವಾಗುತ್ತದೆ. ಸಂಶಯವಿದ್ದರೆ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡು. ಕೆಲವು ಗಂಟೆಗಳ ಬಳಿಕ ಕೆಂಪು ಗೆರೆಯನ್ನು ದಾಟಿದ್ದರೆ ವೈದ್ಯರಿಗೆ ತೋರಿಸಬೇಕು. ದಪ್ಪ ಕೀವು, ಜ್ವರ, ಗಾಯದಿಂದ ಮೇಲಕ್ಕೆ ಏರುವ ಕೆಂಪು ಗೆರೆ, ಅಥವಾ ನಮ್ಮ ಸೆಕೆಯ ಹವೆಯಲ್ಲಿ ಮಕ್ಕಳಲ್ಲಿ ಕಾಣುವ ಜೇನುಬಣ್ಣದ ಹಕ್ಕಳೆಗಳು ಕಂಡರೆ ಅದೇ ದಿನ ಹೋಗು. 10 ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಬಾಯಿ ಬಿಟ್ಟುಕೊಂಡ ಗಾಯ, ಮುಖದ ಆಳವಾದ ಗಾಯ ಇವುಗಳನ್ನು ಮನೆಯಲ್ಲಿ ನೋಡಿಕೊಳ್ಳಲು ಹೊರಡಬಾರದು. ನಾಯಿಯೋ ಬೆಕ್ಕೋ ಪರಚಿದ್ದರೆ ಅದು ತರಚುಗಾಯವೆಂದು ಸುಮ್ಮನಿರದೆ, ಸಾಬೂನು ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಲಸಿಕೆಗಾಗಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ನೀನು ಕೇಳಿದ ಟಿ.ಟಿ., ಅಂದರೆ ಧನುರ್ವಾಯು ತಡೆಯುವ ಇಂಜೆಕ್ಷನ್. ಧನುರ್ವಾಯು ಬರುವುದು ಕಬ್ಬಿಣದ ತುಕ್ಕಿನಿಂದಲ್ಲ, ಮಣ್ಣಿನಲ್ಲಿಯೂ ದನದ ಸೆಗಣಿಯಲ್ಲಿಯೂ ಇರುವ ರೋಗಾಣುವಿನಿಂದ; ಹಟ್ಟಿಯ ಪಕ್ಕದ ಅಂಗಳದಲ್ಲಿ ಬಿದ್ದ ಮಗುವಿಗೂ ಆ ಅಪಾಯ ಇದ್ದೇ ಇದೆ. ಆದರೂ ಬಿದ್ದಾಗಲೆಲ್ಲ ಸೂಜಿ ಬೇಕಿಲ್ಲ. ಹುಟ್ಟಿದ 6, 10, 14ನೇ ವಾರಗಳಲ್ಲಿ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ, 16ರಿಂದ 24 ತಿಂಗಳ ನಡುವಿನ ಮತ್ತು 5ರಿಂದ 6 ವರ್ಷದೊಳಗಿನ ಡಿಪಿಟಿ ಬೂಸ್ಟರ್‌ಗಳಲ್ಲಿ ಧನುರ್ವಾಯುವಿನ ರಕ್ಷಣೆ ಸೇರಿಯೇ ಇದೆ. ಮುಂದೆ 10 ಮತ್ತು 16ನೇ ವರ್ಷದಲ್ಲಿ ಧನುರ್ವಾಯುವಿನ ರಕ್ಷಣೆಯಿರುವ ಟಿಡಿ ಲಸಿಕೆ ಹಾಕಿಸಬೇಕು. ಇವೆಲ್ಲ ಸಮಯಕ್ಕೆ ಸರಿಯಾಗಿ ಆಗಿದ್ದರೆ ಸಣ್ಣ ತರಚುಗಾಯಕ್ಕೆ ಮತ್ತೆ ಇಂಜೆಕ್ಷನ್ ಬೇಡ. ನಿನ್ನ ಮಗಳಿಗೆ ಈಗ ಆರು ನಡೆಯುತ್ತಿದೆಯಲ್ಲವೇ? ಮನೆಯಲ್ಲಿರುವ ತಾಯಿ ಕಾರ್ಡನ್ನು ಇವತ್ತೇ ತೆಗೆದು ನೋಡು, ಐದು ವರ್ಷದ ಡಿಪಿಟಿಯ ದಿನಾಂಕ ಅಲ್ಲಿ ಬರೆದಿಲ್ಲವಾದರೆ ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗು, ಮೊಣಕಾಲನ್ನೂ ಅಲ್ಲಿಯೇ ಒಮ್ಮೆ ತೋರಿಸಿ ಬಾ.

ಇತಿ ನಿನ್ನ ಪ್ರೀತಿಯ ಗೆಳೆಯ