ಬೈಯದ ಪುಟ

ಚಿ. ಸಿಂಧುವಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಹಾಸ್ಟೆಲಿನ ಊಟ, ಪರೀಕ್ಷೆ ಎಲ್ಲವನ್ನೂ ಅಕ್ಕ ಹೇಳಿದ್ದಾಳೆ. ಆದರೆ ಪತ್ರದ ಕೊನೆಯಲ್ಲಿ ನೀನು ಅವಸರದಲ್ಲಿ ಸೇರಿಸಿದ ಮಾತು ನನ್ನನ್ನು ಬಿಡುತ್ತಿಲ್ಲ: "ತಪ್ಪು ಬರೆದರೂ ಜಿಂಜಾ ಬೈಯುವುದಿಲ್ಲ ಚಿಕ್ಕಮ್ಮ, ಸುಮ್ಮನೆ ಖಾಲಿ ಬಿಡುತ್ತದೆ. ಇನ್ನೆಲ್ಲೆಲ್ಲಿ ತಪ್ಪಿದ್ದೇನೋ ಎಂದು ಭಯ."

ಭಯ ಸುಳ್ಳಲ್ಲ. ಪೈಥಾನ್ ಕೊಟ್ಟ ಮಾಹಿತಿಯನ್ನು ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ತುಂಬಿಸಿ ವೆಬ್ ಪುಟ ಮಾಡಿಕೊಡುವುದೇ ಜಿಂಜಾದ ಕೆಲಸ. ಪೈಥಾನ್ ಕಡೆಯಿಂದ ಕಳಿಸಿದ ಹೆಸರಿಗೂ ಟೆಂಪ್ಲೇಟಿನ ಜೋಡಿ ಆವರಣದೊಳಗೆ ಬರೆದ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಆ ಜಾಗ ಬರಿದು. ಪುಟ ಮಾತ್ರ ಏನೂ ಆಗದಂತೆ ತೆರೆದುಕೊಳ್ಳುತ್ತದೆ. ಮೂಲಪುಟದಲ್ಲಿ ತುಂಬಲು ಬಿಟ್ಟ ಜಾಗಕ್ಕೆ, ಅಂದರೆ ಬ್ಲಾಕಿಗೆ, ಒಂದು ಹೆಸರು, ಅದನ್ನು ವಿಸ್ತರಿಸುವ ಪುಟದಲ್ಲಿ ಇನ್ನೊಂದು ಹೆಸರಾದರೆ ನೀನು ಬರೆದ ಭಾಗವೇ ಮಾಯ. ಇಲ್ಲದ ಪಟ್ಟಿಯ ಮೇಲೆ, ಒಂದೊಂದನ್ನೇ ತೆಗೆದು ತೋರಿಸುವ ಫಾರ್ ಲೂಪ್ ಓಡಿಸಿದರೂ ದೂರಿಲ್ಲ. ವಿಳಾಸವೇ ಇಲ್ಲದಾಗ ವಿಳಾಸದೊಳಗಿನ ಊರನ್ನು ಕೇಳಿದರೆ ಮಾತ್ರ ಜಿಂಜಾಕ್ಕೆ ಸಿಟ್ಟು ಬರುತ್ತದೆ. ಜಾಂಗೋ ಎಂಬ ಇನ್ನೊಂದು ಪೈಥಾನ್ ವೆಬ್ ಚೌಕಟ್ಟಿನ ಟೆಂಪ್ಲೇಟ್ ಅದಕ್ಕೂ ಬಾಯಿ ಬಿಡುವುದಿಲ್ಲ.

ವೆಬ್ ಪುಟ ಬರೆಯುವ ಪಿಎಚ್‌ಪಿ ಭಾಷೆಯ 4ನೇ ಆವೃತ್ತಿಯ ಕಾಲದಲ್ಲಿ ಜಯನಗರದ ಸಣ್ಣ ಕಂಪನಿಯೊಂದರಲ್ಲಿ ನನ್ನದೂ ಇದೇ ಪಾಡು. ಇಲ್ಲದ ವೇರಿಯಬಲ್‌ಗೆ ಆ ಭಾಷೆ ಬರಿಯ ನೋಟಿಸ್ ಕೊಡುತ್ತಿತ್ತು. ಗ್ರಾಹಕರ ಕಣ್ಣಿಗೆ ಬೀಳದಿರಲೆಂದು ಅದನ್ನೂ ಪರದೆಗೆ ಬಾರದಂತೆ ಮಾಡಿದ್ದರು. (2020ರಲ್ಲಿ ಬಂದ ಪಿಎಚ್‌ಪಿ 8ರಲ್ಲಿ ಅದಕ್ಕೆ ಎಚ್ಚರಿಕೆಯ ಪಟ್ಟಕ್ಕೆ ಬಡ್ತಿ ಸಿಕ್ಕಿತು. ನನಗೇನು ಬಂತು?) ಎಚ್‌ಟಿಎಂಎಲ್ ನಡುವೆಯೇ ಡೇಟಾಬೇಸಿನಿಂದ ಮಾಹಿತಿ ಕೇಳುವ ಕ್ವೆರಿಗಳನ್ನೂ ತುರುಕುತ್ತಿದ್ದೆವು. ಖಾಲಿ ಎಲ್ಲಿಂದ ಬಂತೆಂದು ಕತ್ತಲಾಗುವವರೆಗೂ ಹುಡುಕುತ್ತಿದ್ದೆ. ಪಕ್ಕದ ಮೇಜಿನವರು ಬಲ್ಲವರು, ನಕ್ಕಾರೆಂದು ಕೇಳುತ್ತಿರಲಿಲ್ಲ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಾಗ, ಮಗುವಿಗಾಗಿ ಬಿಟ್ಟಳು ಎಂದು ಎಲ್ಲರೂ ಹೇಳಿದರು, ನಾನೂ ಹೌದೆಂದೆ. ಅರ್ಧ ಕಾರಣ ನಿನ್ನ ಈ ಭಯವೇ. ಚಿಕ್ಕಪ್ಪನಿಗೂ ಇದನ್ನು ಹೇಳಿಲ್ಲ.

ಅದಕ್ಕೇ ನಿನ್ನ ಸಾಲು ಓದಿ ಎದೆ ಧಸಕ್ಕೆಂದಿತು.

ಬಿಟ್ಟವಳು ಸಲಹೆ ಕೊಡುವುದು ಅಧಿಕಪ್ರಸಂಗವೇನೋ. ಜಿಂಜಾದಲ್ಲಿ ಸ್ಟ್ರಿಕ್ಟ್‌ಅನ್‌ಡಿಫೈನ್ಡ್ ಎಂಬ ಆಯ್ಕೆಯಿದೆ, ಕಲಿಯುವಷ್ಟು ದಿನವಾದರೂ ಹಾಕಿಕೊ. ಗೊತ್ತಿಲ್ಲದ ಹೆಸರನ್ನು ಬಳಸಿದ ಕೂಡಲೇ ಅದು ಎರರ್ ತೋರಿಸಿ ನಿಲ್ಲುತ್ತದೆ, ಬೇಕಾದಷ್ಟು ಬೈಸಿಕೊ. ಬ್ಲಾಕಿನ ಹೆಸರು ತಪ್ಪಿದರೆ ಅದಕ್ಕೂ ತಿಳಿಯದು, ಅದನ್ನು ಕಣ್ಣಲ್ಲೇ ನೋಡಬೇಕು. ಪಟ್ಟಿ ನಿಜಕ್ಕೂ ಖಾಲಿಯಾಗಿರಬಹುದಾದ ಕಡೆ ಫಾರ್ ಜೊತೆ ಎಲ್ಸ್ ಇಟ್ಟು "ಯಾರೂ ಇಲ್ಲ" ಎಂದು ಬರೆಸು. ತುಂಬಿದ್ದನ್ನು ಹಾಗೆಯೇ ಪುಟಕ್ಕೆ ಬಿಡುವ ಸೇಫ್ ಫಿಲ್ಟರನ್ನು ಕಂಡಕಂಡಲ್ಲಿ ಅಂಟಿಸಬೇಡ. ಅದು ಇರುವ ಕಾವಲನ್ನೂ ತೆಗೆಯುತ್ತದೆ, ಯಾರೋ ಫಾರಂನಲ್ಲಿ ತುಂಬಿದ ಸ್ಕ್ರಿಪ್ಟ್ ಓದುವವರ ಬ್ರೌಸರಿನಲ್ಲಿ ಓಡೀತು.

ನೀನು ಇಷ್ಟು ಹೆದರುವ ಫ್ಲಾಸ್ಕ್, ಅಂದರೆ ಜಿಂಜಾವನ್ನು ಬಳಸುವ ಆ ಪೈಥಾನ್ ವೆಬ್ ಚೌಕಟ್ಟು, 2010ರಲ್ಲಿ ಆರ್ಮಿನ್ ರೊನಾಕರ್ ಮಾಡಿದ ಏಪ್ರಿಲ್ 1ರ ತಮಾಷೆಯಿಂದ ಬೆಳೆದದ್ದು. ಜಿಂಜಾ ಕೂಡ ಅವರದೇ.

ಖಾಲಿ ಕಂಡ ದಿನವೇ ಪಕ್ಕದವರನ್ನು ಕೇಳು. ನಕ್ಕರೆ ನಗಲಿ. ಯಾರೂ ಸಿಗದಿದ್ದರೆ ಆ ಟೆಂಪ್ಲೇಟನ್ನೂ ಅದರ ಪೈಥಾನ್ ಫೈಲನ್ನೂ ನನಗೆ ಕಳಿಸು, ತಿಳಿದಷ್ಟು ನೋಡುತ್ತೇನೆ. ಭಾನುವಾರ ಸಂಜೆ ನಾಲ್ಕರ ಮೇಲೆ ಫೋನ್ ಮಾಡು, ಆಗ ಚಿಕ್ಕಪ್ಪ ಮನೆಯಲ್ಲಿ ಇರುವುದಿಲ್ಲ.

ನಿನ್ನ,
ಚಿಕ್ಕಮ್ಮ